ಗಿಟಾರ್ ತೂಕ: ಮನೆಯಲ್ಲಿ ತೂಗುವುದು ಹೇಗೆ, ಆ ಅಂಕಿಯಿಂದ ತಿಳಿಯುವುದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟಾರ್ ಕೊಳ್ಳುವಾಗ ಮರ ಯಾವುದು, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಯಾವುದು ಎಂದು ಎಲ್ಲರೂ ವಿಚಾರಿಸುತ್ತಾರೆ. ತೂಕ ಎಷ್ಟು ಎಂದು ಕೇಳುವವರು ಕಡಿಮೆ. ಎರಡು ಗಂಟೆ ಹೆಗಲಿಗೆ ಹಾಕಿಕೊಂಡು ನಿಂತು ನುಡಿಸಿದ ಮೇಲೆ ಮಾತ್ರ ಅದರ ಮಹತ್ವ ಗೊತ್ತಾಗುತ್ತದೆ. ಒಟ್ಟು ಎಷ್ಟು ಕಿಲೋ ಎಂಬುದರ ಜೊತೆಗೆ ಆ ಭಾರ ಎಲ್ಲಿ ಕೂತಿದೆ ಎಂಬುದೂ ತಿಳಿಯಬೇಕು. ಎರಡನ್ನೂ ಮನೆಯಲ್ಲೇ ಅಳೆಯಬಹುದು.

ತೂಗಲು ಯಾವ ತಕ್ಕಡಿ ಒಳ್ಳೆಯದು?

ವಿಮಾನಕ್ಕೆ ಸೂಟ್‌ಕೇಸ್ ತೂಗುವ, ಕೈಯಲ್ಲಿ ಹಿಡಿಯುವ ಡಿಜಿಟಲ್ ಲಗೇಜ್ ತಕ್ಕಡಿ. 50 ಕಿಲೋವರೆಗೆ ತೂಗುತ್ತದೆ, ಸಾಮಾನ್ಯವಾಗಿ 10 ಗ್ರಾಂ ಹೆಜ್ಜೆಯಲ್ಲಿ ಓದುತ್ತದೆ, ದುಬಾರಿಯೂ ಅಲ್ಲ. ಕೊಕ್ಕೆಯಿದ್ದರೂ ಆಗುತ್ತದೆ, ಪಟ್ಟಿಯಿದ್ದರೆ ಇನ್ನೂ ಒಳ್ಳೆಯದು. ಹಳೆ ಪೇಪರ್ ಕೊಳ್ಳುವವರ ಬಳಿ ಇರುವ ಸ್ಪ್ರಿಂಗ್ ತಕ್ಕಡಿ ಈ ಕೆಲಸಕ್ಕೆ ಬೇಡ. ಅದರ ಗೆರೆಗಳ ನಡುವಿನ ಅಂತರವೇ ನಮಗೆ ಬೇಕಾದ ವ್ಯತ್ಯಾಸಕ್ಕಿಂತ ದೊಡ್ಡದು.

ಲಗೇಜ್ ತಕ್ಕಡಿಯಲ್ಲಿ ತೂಗುವ ಕ್ರಮ ಹೇಗೆ?

ಗಿಟಾರನ್ನು ಹಾಸಿಗೆಯ ಮೇಲೆ ಮಲಗಿಸಿ. ಸ್ಟ್ರಾಪ್‌ನ (ಹೆಗಲ ಪಟ್ಟಿಯ) ಎರಡೂ ತುದಿ ಬಾಡಿಯ ಬಟನ್‌ಗಳಲ್ಲಿ ಪೂರ್ತಿ ಕೂತಿವೆಯೇ ಎಂದು ಕೈಯಿಂದ ಎಳೆದು ನೋಡಿ. ಚರ್ಮದ ಸ್ಟ್ರಾಪ್ ಹಳತಾಗಿ ತೂತು ಸಡಿಲವಾಗಿದ್ದರೆ ಬೇರೆ ಸ್ಟ್ರಾಪ್ ಹಾಕಿ. ತಕ್ಕಡಿ ಆನ್ ಮಾಡಿ, ಸೊನ್ನೆ ಬರುವವರೆಗೆ ಕಾಯ್ದು, ಆಮೇಲೆ ಸ್ಟ್ರಾಪ್‌ನ ನಡುಭಾಗವನ್ನು ಕೊಕ್ಕೆಗೆ ಸಿಕ್ಕಿಸಿ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈ ನೆಕ್ (ಗಿಟಾರ್‌ನ ಉದ್ದನೆಯ ಕತ್ತು) ಹತ್ತಿರ. ಹಾಸಿಗೆಯಿಂದ ಒಂದು ಗೇಣು ಮೇಲೆತ್ತಿ, ಅಲುಗಾಟ ನಿಂತ ಮೇಲೆ ನೆಕ್ ಹತ್ತಿರದ ಕೈ ಬಿಡಿ. ಅಂಕಿ ಮಿನುಗಿ ಸ್ಥಿರವಾದಾಗ ಬರೆದುಕೊಳ್ಳಿ. ಮೂರು ಸಲ ತೂಗಿ. ಮೂರೂ 20 ಗ್ರಾಂ ಒಳಗೆ ಹೊಂದಿದರೆ ಸರಿ, ಇಲ್ಲದಿದ್ದರೆ ಬ್ಯಾಟರಿ ಬದಲಿಸಿ ಮತ್ತೆ ನೋಡಿ. ಕೊನೆಗೆ ಸ್ಟ್ರಾಪ್ ಒಂದನ್ನೇ ತೂಗಿ ಕಳೆಯಿರಿ. ನೈಲಾನ್ ಸ್ಟ್ರಾಪ್ 100 ಗ್ರಾಂ ಆಸುಪಾಸು ಇರುತ್ತದೆ, ಅಗಲವಾದ ಚರ್ಮದ್ದು 250 ಗ್ರಾಂ ದಾಟಬಹುದು. ಲಗೇಜ್ ತಕ್ಕಡಿ ಇಷ್ಟು ಹಗುರ ವಸ್ತುವನ್ನು ಸರಿಯಾಗಿ ಓದುವುದಿಲ್ಲವಾದ್ದರಿಂದ ಸ್ಟ್ರಾಪ್‌ಗೆ ಅಡುಗೆಮನೆ ತಕ್ಕಡಿ ಬಳಸಿ.

ಅಕೌಸ್ಟಿಕ್ ಗಿಟಾರ್‌ಗೆ ಹಿಂದೆ ಒಂದೇ ಬಟನ್ ಇದ್ದರೆ, ಮೆತ್ತನೆಯ ಹತ್ತಿ ಬಟ್ಟೆಯ ಪಟ್ಟಿಯನ್ನು ಹೆಡ್‌ಸ್ಟಾಕ್ (ನೆಕ್‌ನ ತುದಿಯ ತಲೆ) ಅಗಲವಾಗುವ ಜಾಗದ ಕೆಳಗೆ, ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಗೀರುಪಟ್ಟಿ) ಬಳಿ ಕುಣಿಕೆ ಮಾಡಿ ತೂಗುಹಾಕಿ. ಗೋಡೆಯ ಹ್ಯಾಂಗರ್ ಹಿಡಿಯುವುದೂ ಅಲ್ಲೇ. ತಂತಿ ಬಿಗಿಮಾಡುವ ಟ್ಯೂನರ್ ಕೀಗೆ ಕೊಕ್ಕೆ ಹಾಕಬೇಡಿ, ಅದರ ಸಣ್ಣ ದಂಡ ಸೊಟ್ಟಗಾದರೆ ಕೀ ಬಿಗಿಯಾಗಿ ತಿರುಗುತ್ತದೆ. ಕೊಕ್ಕೆಯನ್ನು ಸೌಂಡ್‌ಹೋಲ್‌ಗೂ ತಂತಿಗೂ ಸಿಕ್ಕಿಸಬಾರದು.

ಮೈತೂಕ ನೋಡುವ ಮಷೀನ್ ಸಾಲದೇ?

ಅಂದಾಜಿಗೆ ಸಾಕು. ಗಿಟಾರ್ ಹಿಡಿದು ನಿಂತ ತೂಕದಿಂದ ಬರಿಗೈಯಲ್ಲಿ ನಿಂತ ತೂಕ ಕಳೆಯಬೇಕು. ಎರಡು ಅಳತೆಯಲ್ಲೂ 100 ಗ್ರಾಂ ತಪ್ಪಿರಬಹುದಾದ್ದರಿಂದ ಉತ್ತರದಲ್ಲಿ 200 ಗ್ರಾಂವರೆಗೆ ಹೆಚ್ಚುಕಡಿಮೆಯಾಗಬಹುದು. 3.6 ಕಿಲೋ ಗಿಟಾರ್ 3.4 ಎಂದೋ 3.8 ಎಂದೋ ಕಾಣಿಸುತ್ತದೆ. ಕೊಳ್ಳುವವರಿಗೆ ಅದು ದೊಡ್ಡ ವ್ಯತ್ಯಾಸವೇ.

ಗಿಟಾರನ್ನು ನೇರ ಮಷೀನ್ ಮೇಲಿಟ್ಟರೆ ಹಲವು ಮಷೀನ್‌ಗಳು ಅಷ್ಟು ಕಡಿಮೆ ಭಾರಕ್ಕೆ ಎಚ್ಚರವಾಗುವುದೇ ಇಲ್ಲ. ಇನ್ನೊಂದು ತೊಂದರೆ ಅನೇಕರಿಗೆ ಗೊತ್ತಿಲ್ಲ: ಕೆಲವು ಡಿಜಿಟಲ್ ಮಷೀನ್‌ಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದಕ್ಕೆ ಹತ್ತಿರವಿದ್ದರೆ ಹಳೆಯದನ್ನೇ ಮತ್ತೆ ತೋರಿಸುತ್ತವೆ. ಮೂರು ಸಲವೂ ಒಂದೇ ಅಂಕಿ ಬಂತೆಂದು ನಂಬುವ ಮೊದಲು, ನಡುವೆ ಹತ್ತು ಕಿಲೋ ಅಕ್ಕಿ ಚೀಲದಂಥ ಬೇರೆ ಭಾರವನ್ನು ಒಮ್ಮೆ ತೂಗಿ ಆ ನೆನಪನ್ನು ಅಳಿಸಿ.

ಅಡುಗೆಮನೆಯ ತಕ್ಕಡಿ?

1 ಗ್ರಾಂ ಹೆಜ್ಜೆಯಲ್ಲಿ ಓದುವುದು ಅದರ ದೊಡ್ಡ ಗುಣ. ಮಿತಿ ಮಾತ್ರ ನೋಡಿಕೊಳ್ಳಿ: 5 ಕಿಲೋದ್ದಾದರೆ ಹೆಚ್ಚಿನ ಗಿಟಾರ್‌ಗಳಿಗೆ ಸಾಕು, ಭಾರದ ಬೇಸ್ ಗಿಟಾರ್‌ಗೆ 10 ಕಿಲೋದ್ದು ಬೇಕು. ತಟ್ಟೆ ಚಿಕ್ಕದು, ಗಿಟಾರ್ ಇಟ್ಟರೆ ಅಂಕಿ ಮುಚ್ಚಿಹೋಗುತ್ತದೆ. ಅದಕ್ಕೆ ತಕ್ಕಡಿಯ ಮೇಲೆ ಅಗಲ ಬಾಯಿಯ ಸ್ಟೀಲ್ ಡಬ್ಬಿ ಬೋರಲಾಗಿಟ್ಟು, ಮೇಲೆ ಮಡಿಸಿದ ಟವೆಲ್ ಹಾಕಿ, ಸೊನ್ನೆ ಮಾಡಿ. ನಂತರ ಗಿಟಾರನ್ನು ಬೆನ್ನಿನ ಮೇಲೆ ಅಡ್ಡಲಾಗಿ, ನೆಕ್ ಬಾಡಿಗೆ ಸೇರುವ ಜಾಗ ಡಬ್ಬಿಯ ಮೇಲೆ ಬರುವಂತೆ ಇಡಿ. ಸಮತೋಲದ ಜಾಗ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಬೆರಳು ತಾಗಿದರೂ ಅಂಕಿ ಬದಲಾಗುವುದರಿಂದ ಕೈಗಳು ಒಂದಿಂಚು ದೂರದಲ್ಲಿ ಕಾಯುತ್ತಿರಲಿ. ಫ್ಯಾನ್ ಆರಿಸಿ.

ತಕ್ಕಡಿ ಸರಿಯಿದೆ ಎಂದು ಗೊತ್ತಾಗುವುದು ಹೇಗೆ?

1 ಕಿಲೋ ಉಪ್ಪಿನ ಒಡೆಯದ ನಾಲ್ಕು ಪ್ಯಾಕೆಟ್‌ಗಳನ್ನು ಬಟ್ಟೆ ಚೀಲದಲ್ಲಿ ಹಾಕಿ ತೂಗಿ. ಚೀಲದ ತೂಕ ಕಳೆದು 4.00ರಿಂದ 4.05 ಬಂದರೆ ತಕ್ಕಡಿ ಸರಿ, ಹೆಚ್ಚುವರಿ ಗ್ರಾಂಗಳು ಪ್ಲಾಸ್ಟಿಕ್ ಹೊದಿಕೆಯವು. ಗಿಟಾರ್‌ನಷ್ಟೇ ಭಾರದಲ್ಲಿ ಪರೀಕ್ಷಿಸಬೇಕು ಎಂಬುದು ಮುಖ್ಯ. 500 ಗ್ರಾಂನಲ್ಲಿ ಸರಿ ತೋರಿಸುವ ತಕ್ಕಡಿ 4 ಕಿಲೋದಲ್ಲಿ ತಪ್ಪಬಹುದು. ತಪ್ಪು ಪ್ರತಿ ಸಲವೂ ಅಷ್ಟೇ ಇದ್ದರೆ ಆ ಅಂತರವನ್ನು ಕಳೆದು ಅಥವಾ ಕೂಡಿಸಿ ಬಳಸಿ.

ತಂತಿ, ಬ್ಯಾಟರಿ, ಟ್ರೆಮೊಲೊ ಕಡ್ಡಿ ಇವನ್ನೂ ಸೇರಿಸಬೇಕೇ?

ತಂತಿ ಹಾಕಿಯೇ ತೂಗುವುದು ರೂಢಿ. ಸ್ಟ್ರಾಪ್, ಕೇಪೋ (ನೆಕ್‌ಗೆ ಕಚ್ಚಿಸುವ ಕ್ಲಿಪ್), ಶ್ರುತಿ ನೋಡುವ ಕ್ಲಿಪ್ ಟ್ಯೂನರ್, ಟ್ರೆಮೊಲೊ ಕಡ್ಡಿ (ಸ್ವರ ಅಲುಗಿಸಲು ಒತ್ತುವ ಕಡ್ಡಿ) ತೆಗೆದುಬಿಡಿ. 9 ವೋಲ್ಟ್ ಅಲ್ಕಲೈನ್ ಬ್ಯಾಟರಿ ಸುಮಾರು 45 ಗ್ರಾಂ ಇರುವುದರಿಂದ ಅದು ಒಳಗಿತ್ತೇ ಇಲ್ಲವೇ ಎಂದು ಬರೆದಿಡಿ.

ವಿದೇಶಿ ಅಂಗಡಿಗಳು ಪೌಂಡ್‌ನಲ್ಲಿ ಹೇಳುತ್ತವೆ. ಕಿಲೋಗೆ ಹೇಗೆ ತರುವುದು?

1 ಪೌಂಡ್ ಅಂದರೆ 453.6 ಗ್ರಾಂ. 7 ಪೌಂಡ್ 3.18 ಕಿಲೋ, 8 ಪೌಂಡ್ 3.63, 9 ಪೌಂಡ್ 4.08, 10 ಪೌಂಡ್ 4.54. ಎಡವುವುದು ಔನ್ಸ್‌ನಲ್ಲಿ. ಪೌಂಡಿಗೆ 16 ಔನ್ಸ್, ಹಾಗಾಗಿ 8.5 ಪೌಂಡ್ ಬೇರೆ, 8 ಪೌಂಡ್ 5 ಔನ್ಸ್ ಬೇರೆ. ಮೊದಲನೆಯದು 3.86 ಕಿಲೋ, ಎರಡನೆಯದು 3.77.

ಯಾವ ಗಿಟಾರ್ ಸಾಮಾನ್ಯವಾಗಿ ಎಷ್ಟು ತೂಗುತ್ತದೆ?

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ 1.4ರಿಂದ 1.7 ಕಿಲೋ. ಫ್ಲಮೆಂಕೊ ಗಿಟಾರ್ ಅದಕ್ಕಿಂತ ಹಗುರ. ಡ್ರೆಡ್‌ನಾಟ್ ಆಕಾರದ (ದೊಡ್ಡ ಬಾಡಿಯ) ಸ್ಟೀಲ್ ತಂತಿಯ ಅಕೌಸ್ಟಿಕ್ 1.8ರಿಂದ 2.3. ಎಲೆಕ್ಟ್ರಿಕ್‌ಗಳಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಮಾದರಿ 3.3ರಿಂದ 3.8, ಟೆಲಿಕಾಸ್ಟರ್ ಮಾದರಿಯೂ ಹೆಚ್ಚುಕಡಿಮೆ ಅಷ್ಟೇ. ಗಿಬ್ಸನ್ ಕಂಪನಿಯ ಎಸ್‌ಜಿ ಮಾದರಿ 2.8ರಿಂದ 3.3. ಅದೇ ಕಂಪನಿಯ ಲೆಸ್ ಪಾಲ್ ಮಾದರಿ 3.8ರಿಂದ 4.6, 1970ರ ದಶಕದ ಕೆಲವು 5 ಕಿಲೋ ಮುಟ್ಟಿವೆ. ನಾಲ್ಕು ತಂತಿಯ ಬೇಸ್ 3.6ರಿಂದ 4.6.

ನಿಂತು ನುಡಿಸುವವರಿಗೆ 3.6 ಕಿಲೋದ ಒಳಗಿದ್ದರೆ ಆರಾಮ. 4.1 ದಾಟಿದ್ದನ್ನು ಅರ್ಧ ಗಂಟೆಯಾದರೂ ಹಾಕಿಕೊಂಡು ನೋಡದೆ ಕೊಳ್ಳಬೇಡಿ ಎಂಬುದು ನಮ್ಮ ಸಲಹೆ. ಕೂತು ನುಡಿಸುವವರಿಗೆ ಈ ಲೆಕ್ಕ ಅಷ್ಟು ಬಿಗಿಯಲ್ಲ.

ಒಂದೇ ಮಾಡೆಲ್, ಒಂದೇ ವರ್ಷ. ಆದರೂ ಅರ್ಧ ಕಿಲೋ ವ್ಯತ್ಯಾಸ ಏಕೆ?

ಮರ ಕಾರ್ಖಾನೆಯಲ್ಲಿ ಎರಕ ಹೊಯ್ದದ್ದಲ್ಲ. ಒಂದೇ ಜಾತಿಯ ಮರದಲ್ಲೇ ಸಾಂದ್ರತೆ ವಿಪರೀತ ಬದಲಾಗುತ್ತದೆ, ಒಂದೇ ದಿಮ್ಮಿಯ ಬುಡಕ್ಕೂ ತುದಿಗೂ ವ್ಯತ್ಯಾಸವಿರುತ್ತದೆ. ಮಹಾಗನಿ ಘನಮೀಟರ್‌ಗೆ 500 ಕಿಲೋ ಇರಬಹುದು, 650 ಕೂಡ ಇರಬಹುದು. 1952ರಲ್ಲಿ ಬಂದ ಲೆಸ್ ಪಾಲ್‌ನಲ್ಲಿ ದಪ್ಪ ಮಹಾಗನಿಯ ಮೇಲೆ ಇನ್ನೂ ಭಾರದ ಮೇಪಲ್ ಅಂಟಿಸಿರುವುದರಿಂದ ಅಲ್ಲಿ ಈ ಏರಿಳಿತ ಎದ್ದು ಕಾಣುತ್ತದೆ. ಮಹಾಗನಿ ಭಾರವಾಗುತ್ತ ಬಂದಾಗ, 1980ರ ದಶಕದಿಂದ ಗಿಬ್ಸನ್ ಕಂಪನಿ ಮೇಪಲ್ ಅಂಟಿಸುವ ಮೊದಲು ಬಾಡಿಯಲ್ಲಿ ಒಂಬತ್ತು ತೂತು ಕೊರೆಯಲು ತೊಡಗಿತು. ಮುಂದೆ ದೊಡ್ಡ ಟೊಳ್ಳುಗಳನ್ನೂ ಬಿಟ್ಟಿತು. ಹೊರಗಿನಿಂದ ಇದಾವುದೂ ಕಾಣದು.

ಫೆಂಡರ್ ಗಿಟಾರ್‌ಗಳ ಕತೆ ಬೇರೆ. ಅಮೆರಿಕದ ದಕ್ಷಿಣದ ಜೌಗು ನೆಲದಲ್ಲಿ ಬೆಳೆಯುವ ಆ್ಯಶ್ ಮರದ ಕೆಳಭಾಗ ಹಗುರ, ಒಣನೆಲದ ಆ್ಯಶ್ ಕಲ್ಲಿನಂತೆ ಭಾರ. ಎರಡನ್ನೂ ಮಾರುವವರು ಆ್ಯಶ್ ಎಂದೇ ಕರೆಯುತ್ತಾರೆ. ಏಷ್ಯಾದಿಂದ ಹೋಗಿ 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಹಸಿರು ಕೊರಕ ಹುಳು ಮತ್ತು ಮಿಸಿಸಿಪ್ಪಿ ಬಯಲಿನ ಪ್ರವಾಹಗಳಿಂದ ಹಗುರ ಆ್ಯಶ್ ಸಿಗುವುದು ಕಷ್ಟವಾಯಿತು. 2020ರಲ್ಲಿ ಫೆಂಡರ್ ಅದರ ಬಳಕೆಯನ್ನು ಬಹಳವಾಗಿ ಇಳಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಮಾಡೆಲ್ ಹೆಸರಿನ ಪಕ್ಕದಲ್ಲಿ ಕಂಪನಿ ಕೊಡುವ ತೂಕವನ್ನು ಸರಾಸರಿ ಎಂದಷ್ಟೇ ಓದಿ. ನಿಮ್ಮ ಕೈಗೆ ಬರುವ ಗಿಟಾರನ್ನೇ ತೂಗಿಸಿ ಕೇಳಿ.

ಭಾರದ ಗಿಟಾರ್‌ನಲ್ಲಿ ನಾದ ಹೆಚ್ಚು ಹೊತ್ತು ನಿಲ್ಲುತ್ತದೆಯಂತೆ, ನಿಜವೇ?

ಎಲೆಕ್ಟ್ರಿಕ್‌ನಲ್ಲಿ ಬರೀ ತೂಕ ನೋಡಿ ಹಾಗೆ ಹೇಳಲಾಗದು. ನಾದ ನಿಲ್ಲುವುದನ್ನು ನಟ್ ಕೊರೆದ ರೀತಿ, ಬ್ರಿಡ್ಜ್‌ನ (ಬಾಡಿಯ ಮೇಲೆ ತಂತಿ ಕೂರುವ ಭಾಗದ) ಬಿಗುವು, ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಅಡ್ಡಗೆರೆಗಳ) ಮಟ್ಟ, ನೆಕ್‌ನ ಗಡಸುತನ, ಪಿಕಪ್ ತಂತಿಗೆ ಎಷ್ಟು ಹತ್ತಿರವಿದೆ ಎಂಬುದು ಮೊದಲು ನಿರ್ಧರಿಸುತ್ತವೆ. ಕೆಲವು ಗಿಟಾರ್‌ಗಳಲ್ಲಿ ಒಂದೆರಡು ಸ್ವರ ಬೇಗ ಸಾಯುತ್ತವೆ. ಆ ಸ್ವರದ ಕಂಪನಕ್ಕೆ ನೆಕ್ ತಾನೂ ಅಲುಗಿ ಶಕ್ತಿ ಹೀರಿಕೊಳ್ಳುವುದು ಅದಕ್ಕೆ ಕಾರಣ. ಹೆಡ್‌ಸ್ಟಾಕ್‌ಗೆ ಸಣ್ಣ ಕ್ಲ್ಯಾಂಪ್ ಕಚ್ಚಿಸಿ 50–100 ಗ್ರಾಂ ಕೂಡಿಸಿದರೆ ಆ ಸತ್ತ ಜಾಗ ಬೇರೆ ಫ್ರೆಟ್‌ಗೆ ಸರಿಯುತ್ತದೆ.

ಅಕೌಸ್ಟಿಕ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಸದ್ದು ಹುಟ್ಟಿಸುವುದು ಮೇಲ್ಹಲಗೆ, ಅದು ಗಟ್ಟಿಯಾಗಿಯೂ ಹಗುರವಾಗಿಯೂ ಇರಬೇಕು. ಸ್ಪೇನ್‌ನ ಆಂಟೋನಿಯೊ ದೆ ಟಾರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಂಥ ಕಾಗದದ ಹಲಗೆಯಿಂದ ಮಾಡಿ, ಮೇಲ್ಹಲಗೆ ಮಾತ್ರ ಒಳ್ಳೆಯ ಮರದ್ದಿಟ್ಟು ಒಂದು ಗಿಟಾರ್ ಕಟ್ಟಿ ಇದನ್ನೇ ತೋರಿಸಿದರು.

ಕೈ ಬಿಟ್ಟರೆ ನೆಕ್ ನೆಲದ ಕಡೆ ವಾಲುತ್ತದೆ. ಇದನ್ನು ಅಳೆಯಬಹುದೇ?

ಅಳೆಯಬಹುದು. ಹೆಗಲು ನೋವಿಗಿಂತ ಹೆಚ್ಚಿನ ಕಿರಿಕಿರಿ ಇದರದ್ದೇ. ನೆಕ್ ಹಿಡಿದೆತ್ತುವ ಕೆಲಸವೂ ಎಡಗೈಗೆ ಬಿದ್ದರೆ ಬೆರಳು ಸ್ವತಂತ್ರವಾಗಿ ಓಡುವುದಿಲ್ಲ. ಭಾರದ ಗಿಟಾರ್‌ಗೆ ಈ ದೋಷ ಬರುತ್ತದೆ ಎಂದುಕೊಳ್ಳಬೇಡಿ. ಹಗುರ ಬಾಡಿಯ ಗಿಟಾರ್‌ಗಳಲ್ಲೇ ಇದು ಹೆಚ್ಚು.

ಬೇಕಾದ್ದು ಲಗೇಜ್ ತಕ್ಕಡಿ, ಟೇಪ್, ಮೂರು ಸೆಂಟಿಮೀಟರ್ ಎತ್ತರದ ಮರದ ಪಟ್ಟಿ, ಬಟ್ಟೆ. ಪಟ್ಟಿಗೆ ಬಟ್ಟೆ ಸುತ್ತಿ ಮೇಜಿನ ಮೇಲಿಡಿ. ಗಿಟಾರನ್ನು ಮುಖ ಮೇಲೆ ಮಾಡಿ, ಹಿಂದಿನ ಸ್ಟ್ರಾಪ್ ಬಟನ್ ಪಕ್ಕದ ಬಾಡಿಯ ಅಂಚು ಪಟ್ಟಿಯ ಮೇಲೆ ಕೂರುವಂತೆ ಇಡಿ. ನಟ್ ಕೆಳಗೆ ಬಟ್ಟೆಯ ಕುಣಿಕೆ ಹಾಕಿ ತಕ್ಕಡಿಯಿಂದ ಮೇಲೆತ್ತಿ. ಗಿಟಾರ್ ಮಟ್ಟಸವಾದಾಗ ತಕ್ಕಡಿ ಏನು ತೋರಿಸುತ್ತದೆ ಎಂದು ಬರೆದುಕೊಳ್ಳಿ. ಬಾಡಿ ಪಕ್ಕಕ್ಕೆ ಉರುಳದಂತೆ ಇನ್ನೊಬ್ಬರು ಬೆರಳು ಆನಿಸಿದ್ದರೆ ಸಾಕು. ಪಟ್ಟಿಯಿಂದ ನಟ್‌ವರೆಗಿನ ದೂರ ಅಳೆಯಿರಿ. ತಕ್ಕಡಿಯ ಅಂಕಿಯನ್ನು ಆ ದೂರದಿಂದ ಗುಣಿಸಿ, ಗಿಟಾರ್‌ನ ಒಟ್ಟು ತೂಕದಿಂದ ಭಾಗಿಸಿ. ಬರುವ ಉತ್ತರವೇ ಪಟ್ಟಿಯಿಂದ ಭಾರಕೇಂದ್ರಕ್ಕಿರುವ ದೂರ.

ಸ್ಟ್ರಾಟ್ ಮಾದರಿಯ ಗಿಟಾರ್ 3.6 ಕಿಲೋ, ನಟ್‌ವರೆಗೆ 80 ಸೆಂಮೀ, ತಕ್ಕಡಿಯಲ್ಲಿ 1.5 ಕಿಲೋ ಬಂತು ಎಂದಿಟ್ಟುಕೊಳ್ಳಿ. 1.5 ಗುಣಿಸು 80, ಭಾಗಿಸು 3.6: 33.3 ಸೆಂಮೀ. ಅದರ ಮೇಲಿನ ಕೊಂಬಿನ (ನೆಕ್ ಪಕ್ಕದಲ್ಲಿ ಬಾಡಿ ಚಾಚಿಕೊಂಡ ಭಾಗದ) ಬಟನ್ 12ನೇ ಫ್ರೆಟ್‌ನ ನೇರಕ್ಕೆ, ಅಂದರೆ 48 ಸೆಂಮೀ ಆಸುಪಾಸಿನಲ್ಲಿರುತ್ತದೆ. ಭಾರಕೇಂದ್ರ ಎರಡು ಬಟನ್‌ಗಳ ನಡುವೆ, ಮುಂದಿನ ಬಟನ್‌ಗಿಂತ ಬಹಳ ಹಿಂದೆ ಇರುವುದರಿಂದ ನೆಕ್ ನಿಂತ ಕಡೆ ನಿಲ್ಲುತ್ತದೆ. ಇನ್ನು ಎಸ್‌ಜಿ ಮಾದರಿ: 3.0 ಕಿಲೋ, 78 ಸೆಂಮೀ, ತಕ್ಕಡಿಯಲ್ಲಿ 1.4. ಉತ್ತರ 36.4 ಸೆಂಮೀ. ಬಟನ್ ನೆಕ್ ಬುಡದ ಹಿಂಬದಿಯಲ್ಲಿ, 34 ಸೆಂಮೀ ಬಳಿ ಇದ್ದರೆ ಭಾರಕೇಂದ್ರವೇ ಬಟನ್ ದಾಟಿ ಮುಂದೆ ಹೋಯಿತು. ಅಂಥದ್ದು ವಾಲಲೇಬೇಕು.

ವಾಲುವುದನ್ನು ಸರಿಪಡಿಸುವುದು ಹೇಗೆ?

ಮೇಲಿನ 3.0 ಕಿಲೋ ಗಿಟಾರನ್ನೇ ತೆಗೆದುಕೊಳ್ಳೋಣ. ಎರಕದ ಭಾರಿ ಟ್ಯೂನರ್ ತಲಾ 43 ಗ್ರಾಂ ಆಸುಪಾಸು, ಹಳೇ ಕ್ಲೂಸನ್ ಎಂಬ ಹಗುರ ಮಾದರಿಯದು ತಲಾ 28 ಆಸುಪಾಸು. ಆರನ್ನೂ ಬದಲಿಸಿದರೆ ತುದಿಯಲ್ಲಿ ಸುಮಾರು 90 ಗ್ರಾಂ ಇಳಿಯುತ್ತದೆ, ಭಾರಕೇಂದ್ರ 36.4ರಿಂದ 34.8ಕ್ಕೆ ಬರುತ್ತದೆ. ಅದರ ಬದಲು ಹಿಂದಿನ ಬಟನ್ ಬಳಿ 200 ಗ್ರಾಂ ಕೂಡಿಸಿದರೆ 34.3ಕ್ಕೆ ಬರುತ್ತದೆ, ಆದರೆ ಹೆಗಲಿಗೆ 200 ಗ್ರಾಂ ಹೊರೆ ಹೆಚ್ಚು. ತುದಿಯ ಒಂದು ಗ್ರಾಂ ಬುಡದ ಸುಮಾರು ಒಂದೂವರೆ ಗ್ರಾಂಗೆ ಸರಿಸಾಟಿಯಾಗುವುದು ಹೀಗೆ. ಆದರೂ ಎರಡರಲ್ಲಿ ಯಾವುದೂ ಕೇಂದ್ರವನ್ನು 34ರ ಹಿಂದಕ್ಕೆ ತರಲಿಲ್ಲ ಎಂಬುದನ್ನು ಗಮನಿಸಿ.

ಖರ್ಚಿಲ್ಲದೆ ಹೆಚ್ಚು ಫಲ ಕೊಡುವುದು ಮುಂದಿನ ಬಟನ್ ಅನ್ನು ಮೇಲಿನ ಕೊಂಬಿನ ತುದಿಗೆ ಸರಿಸುವುದು. ಐದಾರು ಸೆಂಟಿಮೀಟರ್ ಅನಾಯಾಸವಾಗಿ ಸಿಗುತ್ತದೆ. 3.5 ಮಿಮೀ ಸ್ಕ್ರೂಗೆ ಮೊದಲು 2.5 ಮಿಮೀ ತೂತು ಕೊರೆಯಿರಿ, ಬಣ್ಣ ಚಕ್ಕೆ ಏಳದಂತೆ ಮೇಲೆ ಟೇಪ್ ಅಂಟಿಸಿ, ಸ್ಕ್ರೂಗೆ ಸ್ವಲ್ಪ ಮೇಣ ಸವರಿ. ಕೊಂಬಿನ ಮರ ತೆಳುವಾಗಿದ್ದರೆ ಅಥವಾ ಗಿಟಾರ್ ಹಳೆಯದಾಗಿ ಬೆಲೆಬಾಳುವಂಥದ್ದಾದರೆ ಕೊರೆಯಬೇಡಿ, ಒರಟು ಸ್ವೀಡ್ ಚರ್ಮದ ಒಳಮೈಯ ಅಗಲ ಸ್ಟ್ರಾಪ್ ಹಾಕಿ. ಅದು ಭಾರಕೇಂದ್ರವನ್ನು ಬದಲಿಸುವುದಿಲ್ಲ, ಬಟ್ಟೆಯ ಮೇಲೆ ಜಾರುವುದನ್ನು ತಡೆಯುತ್ತದೆ ಅಷ್ಟೆ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ.

ಟ್ಯೂನರ್ ಬದಲಿಸುವ ಮುನ್ನ ಹೆಡ್‌ಸ್ಟಾಕ್‌ನ ತೂತು ಅಳೆಯಿರಿ. ಭಾರಿ ಟ್ಯೂನರ್‌ಗೆ 10 ಮಿಮೀ ತೂತಿರುತ್ತದೆ, ಕ್ಲೂಸನ್ ಮಾದರಿಗೆ ಅದಕ್ಕಿಂತ ಚಿಕ್ಕದು. ನಡುವೆ ಹೊಂದಿಕೆಯ ಬುಷ್ ಬೇಕಾಗುತ್ತದೆ. ಬಾಡಿಯ ವೈರಿಂಗ್ ಗೂಡಿನಲ್ಲಿ ಸೀಸದ ಗುಂಡು ತುಂಬುವವರಿದ್ದಾರೆ. ಸೀಸ ವಿದ್ಯುತ್ ಹರಿಸುವುದರಿಂದ ವೈರ್‌ಗೆ ತಾಗಿದರೆ ಸದ್ದು ನಿಲ್ಲುತ್ತದೆ, ಮುಟ್ಟಿದ ಕೈ ತೊಳೆಯದಿದ್ದರೆ ವಿಷ ಹೊಟ್ಟೆಗೆ ಹೋಗುತ್ತದೆ. ನಾವು ಅದನ್ನು ಶಿಫಾರಸು ಮಾಡುವುದಿಲ್ಲ.

ಗಿಟಾರ್ ಭಾರವಿದೆ, ಆದರೆ ಬದಲಿಸಲು ಮನಸ್ಸಿಲ್ಲ. ಏನು ಮಾಡಬಹುದು?

ಮೊದಲು ಸ್ಟ್ರಾಪ್. 4 ಕಿಲೋ ಭಾರ 5 ಸೆಂಮೀ ಪಟ್ಟಿಯ ಬದಲು 9 ಸೆಂಮೀ ಪಟ್ಟಿಯ ಮೇಲೆ ಹರಡಿದರೆ ಹೆಗಲ ಮೇಲಿನ ಒತ್ತಡ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಲೆಸ್ ಪಾಲ್ ಮಾದರಿಯಲ್ಲಿ ಸತುವಿನ ಟೇಲ್‌ಪೀಸ್ (ತಂತಿಯ ಬುಡ ಹಿಡಿಯುವ ಲೋಹದ ತುಂಡು) ತೆಗೆದು ಅಲ್ಯೂಮಿನಿಯಂದು ಹಾಕಿದರೆ ಸುಮಾರು 50 ಗ್ರಾಂ ಇಳಿಯುತ್ತದೆ. ಬಾಡಿಯ ಮರ ಕೆತ್ತಿ ಹಗುರ ಮಾಡುವ ಯೋಚನೆ ಬಿಡಿ. ತೋಳು ಜುಮುಗುಟ್ಟುವುದು, ಬೆರಳು ಮರಗಟ್ಟುವುದು ಶುರುವಾದರೆ ಸ್ಟ್ರಾಪ್ ಅಂಗಡಿಗಲ್ಲ, ವೈದ್ಯರ ಬಳಿಗೆ ಹೋಗಿ.

ಮಳೆಗಾಲಕ್ಕೂ ಬೇಸಿಗೆಗೂ ಗಿಟಾರ್ ತೂಕ ಬದಲಾಗುತ್ತದೆಯೇ?

ಆಗುತ್ತದೆ, ಮತ್ತು ಅಕೌಸ್ಟಿಕ್ ಇಟ್ಟುಕೊಂಡವರಿಗೆ ಇದು ಬಹಳ ಉಪಯೋಗದ ಮಾಹಿತಿ. ಗಾಳಿಯ ತೇವಾಂಶ ಶೇ. 50 ಇದ್ದಾಗ ಮರದಲ್ಲಿ ಸುಮಾರು ಶೇ. 9 ನೀರಿರುತ್ತದೆ, ಗಾಳಿಯಲ್ಲಿ ಶೇ. 80 ಆದರೆ ಮರದಲ್ಲಿ ಶೇ. 16ರತ್ತ ಏರುತ್ತದೆ. ಪಾಲಿಶ್ ಇರುವುದರಿಂದ ಈ ಬದಲಾವಣೆ ನಿಧಾನ. 1.9 ಕಿಲೋ ಗಿಟಾರ್‌ನಲ್ಲಿ ಮರದ ಪಾಲು 1.3 ಕಿಲೋ ಎಂದುಕೊಂಡರೆ, ಮರದ ನೀರು ಶೇ. 2ರಷ್ಟು ಬದಲಾದಾಗ ತೂಕ 25 ಗ್ರಾಂ ಆಚೀಚೆ ಆಗುತ್ತದೆ. 1 ಗ್ರಾಂ ಓದುವ ಅಡುಗೆಮನೆ ತಕ್ಕಡಿ ಇದನ್ನು ಹಿಡಿಯುತ್ತದೆ.

ಮಂಗಳೂರು, ಮಡಿಕೇರಿಯ ಜುಲೈನಲ್ಲಿ ಗಿಟಾರ್ ನೀರು ಕುಡಿದು ಹೊಟ್ಟೆ ಉಬ್ಬಿಸುತ್ತದೆ, ತಂತಿ ಎತ್ತರವಾಗುತ್ತದೆ. ರಾಯಚೂರು, ಬಳ್ಳಾರಿಯ ಏಪ್ರಿಲ್‌ನಲ್ಲಿ ಒಣಗಿ ಕುಗ್ಗುತ್ತದೆ, ಫ್ರೆಟ್ ತುದಿಗಳು ಬೆರಳಿಗೆ ಚುಚ್ಚುತ್ತವೆ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಚಳಿಗಾಲದ ಹೀಟರ್ ಇದಕ್ಕಿಂತಲೂ ಹೆಚ್ಚು ಒಣಗಿಸುತ್ತದೆ. ತೇವಾಂಶ ಶೇ. 45–55 ಇರುವ ದಿನಗಳಲ್ಲಿ ಗಿಟಾರ್ ಚೆನ್ನಾಗಿ ನುಡಿಯುತ್ತಿರುವಾಗ ಒಮ್ಮೆ ತೂಗಿ ಕೇಸ್‌ನಲ್ಲಿ ಚೀಟಿ ಬರೆದಿಡಿ. ಆಮೇಲೆ ಅದೇ ತಕ್ಕಡಿ, ಅದೇ ಬಗೆಯ ತಂತಿ. 30 ಗ್ರಾಂಗಿಂತ ಹೆಚ್ಚು ಇಳಿದಿದ್ದರೆ ಮೇಲ್ಹಲಗೆ ಬಿರಿಯುವ ಮೊದಲೇ ಕೇಸ್ ಒಳಗೆ ತೇವ ಕೊಡುವ ಸಾಧನ ಇಡಿ.

ಕೊರಿಯರ್‌ನವರು 2 ಕಿಲೋ ಗಿಟಾರ್‌ಗೆ 22 ಕಿಲೋ ಹಣ ಕೇಳಿದರು. ಇದು ಸರಿಯೇ?

ಅವರು ಹಿಡಿಯುವುದು ಗಾತ್ರದ ತೂಕ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 115, 48, 20 ಸೆಂಮೀ ಪೆಟ್ಟಿಗೆಗೆ 22 ಕಿಲೋ ಬರುತ್ತದೆ. ನೆಕ್ ಬೋಲ್ಟ್‌ನಲ್ಲಿ ಕೂತ ಎಲೆಕ್ಟ್ರಿಕ್ ಆದರೆ ತಂತಿ ಸಡಿಲಿಸಿ, ನೆಕ್ ಬಿಚ್ಚಿ ಚಿಕ್ಕ ಪೆಟ್ಟಿಗೆಯಲ್ಲಿ ಕಳಿಸಿ. ಅಕೌಸ್ಟಿಕ್‌ಗೆ ಅಡ್ಡದಾರಿ ಇಲ್ಲ.

ವಿಮಾನದಲ್ಲಿ ಕೈಚೀಲದ ಮಿತಿ ದೇಶದೊಳಗೆ ಸಾಮಾನ್ಯವಾಗಿ 7 ಕಿಲೋ. ಗಿಗ್ ಬ್ಯಾಗ್ (ಮೆತ್ತನೆಯ ಬಟ್ಟೆ ಚೀಲ) ಸೇರಿಯೂ ಗಿಟಾರ್ ಅದರೊಳಗೇ ಇರುತ್ತದೆ, ತಡೆಯುವುದು ಉದ್ದದ ಮಿತಿ. ಹಾರ್ಡ್ ಕೇಸ್ ಒಂದೇ 4–5 ಕಿಲೋ ಇರುವುದರಿಂದ ಲಗೇಜ್‌ಗೆ ಹಾಕುವಾಗ ಕೇಸ್ ಸಮೇತ ತೂಗಿಕೊಂಡು ಹೋಗಿ.

ಬೀಟೆ ಮರದ ಗಿಟಾರ್ ಹೊರದೇಶಕ್ಕೆ ಒಯ್ಯಲು ತೂಕದ ನಿಯಮ ಇದೆಯೇ?

ನಮ್ಮ ಪಶ್ಚಿಮ ಘಟ್ಟದ ಬೀಟೆಯೇ ಜಗತ್ತು ಇಂಡಿಯನ್ ರೋಸ್‌ವುಡ್ ಎಂದು ಕರೆಯುವ ಮರ. 2017ರ ಜನವರಿಯಿಂದ ಆ ಕುಲದ ಎಲ್ಲ ಮರಗಳೂ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದಾಗ, ವ್ಯಾಪಾರಕ್ಕಲ್ಲದ ಸಾಗಣೆಗೆ 10 ಕಿಲೋ ಮಿತಿ ಬಂತು. 2019ರ ನವೆಂಬರ್‌ನಿಂದ ಪೂರ್ಣಗೊಂಡ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ರೋಸ್‌ವುಡ್ ಮಾತ್ರ 1992ರಿಂದ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲೇ ಇದೆ, ಅದಕ್ಕೆ ಈ ವಿನಾಯಿತಿ ಇಲ್ಲ.

ಸೆಕೆಂಡ್ ಹ್ಯಾಂಡ್ ಮಾರುವವರು ಹೇಳುವ ತೂಕ ನಂಬಬಹುದೇ?

ಗಿಟಾರ್ ತೂಗುಬಿದ್ದಿರುವ, ತಕ್ಕಡಿಯ ಅಂಕಿ ಓದಲು ಬರುವ ಒಂದೇ ಫೋಟೊ ಕೇಳಿ. ಅದರ ಜೊತೆಗೆ ಖಾಲಿ ತಕ್ಕಡಿ ಸೊನ್ನೆ ತೋರಿಸುವ ಇನ್ನೊಂದು. ಸ್ಟ್ರಾಪ್ ಸೇರಿದೆಯೇ ಎಂದು ಕೇಳಿ. ತೂಕ ನೋಡಿ ಅಸಲಿ ನಕಲಿ ತೀರ್ಮಾನಿಸಬೇಡಿ, ನಕಲಿಯೂ ಅಷ್ಟೇ ತೂಗಬಹುದು. ಆದರೆ ಟೊಳ್ಳಿಲ್ಲದ ಲೆಸ್ ಪಾಲ್ ಎಂದು ಹೇಳಿ 3.2 ಕಿಲೋ ತೋರಿಸಿದರೆ, ಬಾಡಿ ಎಷ್ಟು ದಪ್ಪ, ಮೇಲೆ ನಿಜವಾದ ಮೇಪಲ್ ಇದೆಯೇ ಎಂದು ಕೇಳಿ, ಪಿಕಪ್ ಗೂಡಿನ ಒಳಗೋಡೆಯ ಫೋಟೊ ತರಿಸಿಕೊಳ್ಳಿ. ಮರದ ಪದರಗಳು ಅಲ್ಲಿ ಕಾಣುತ್ತವೆ.